ದತ್ತಪ್ಪನವರ ಪೆನ್ಷನ್ ತಾಲೀಮು

"ಗಂಡ ಹೆಂಡ್ತಿ ಇಬ್ಬರಿಗೆ ಎಷ್ಟು ಬೇಕ್ರಿ? ಎರಡು ರೊಟ್ಟಿ, ಹಿಡಿ ಅನ್ನ, ತಲಿ ಮ್ಯಾಲ ಒಂದು ಫ್ಯಾನು! ಅರ್ಧ ಪಗಾರದಾಗ ರಾಜನಂಗ ಬದುಕಿ ತೋರಸ್ತೀನಿ, ನೋಡ್ತಿರ್ರಿ!"

ಕಲಬುರಗಿಯ ಸರ್ಕಾರಿ ಕಚೇರಿಯೊಂದರ ಸೂಪರಿಂಟೆಂಡೆಂಟ್ ದತ್ತಪ್ಪನವರು ಊಟದ ಡಬ್ಬಿಯ ಮುಚ್ಚಳ ಬಡಿದು ಹೀಗೆ ಗುಡುಗಿದಾಗ ಅವರ ನಿವೃತ್ತಿಗೆ ಎಂಟು ತಿಂಗಳು ಬಾಕಿಯಿತ್ತು. ಕೆಣಕಿದವರು ಪಕ್ಕದ ಮೇಜಿನ ಸರ್ಫರಾಜ್. ಮೊಬೈಲಿನಲ್ಲಿ ಟೈ ಕಟ್ಟಿದ ಯಾರೋ ಹೇಳಿದ್ದನ್ನು ಅವರು ಹಾಗೇ ಒಪ್ಪಿಸಿದ್ದರು: ನಿವೃತ್ತ ದಂಪತಿ ನೆಮ್ಮದಿಯಿಂದ ಇರಬೇಕಾದರೆ ತಿಂಗಳಿಗೆ ಕನಿಷ್ಠ ಅರವತ್ತು ಸಾವಿರ ಬೇಕಂತೆ! ದತ್ತಪ್ಪನವರಿಗೆ ಬರಲಿದ್ದ ಪೆನ್ಷನ್ ಅದರ ಮೊಣಕಾಲಿಗೂ ಎಟುಕುತ್ತಿರಲಿಲ್ಲ. ಅಂಜಿಕೆಯಾದಾಗಲೆಲ್ಲ ಎದೆ ಉಬ್ಬಿಸುವುದು ಅವರ ಹುಟ್ಟುಗುಣ. ಅಂದೇ ಸಂಜೆ ಹದಿನೈದು ದಿನದ ರಜೆ ಬರೆದುಕೊಟ್ಟು, ಐವಾನ್-ಎ-ಶಾಹಿ ಬಡಾವಣೆಯ ಬಾಡಿಗೆ ಮನೆಗೆ ದಂಡಯಾತ್ರೆ ಹೊರಟ ಸೇನಾಪತಿಯ ಹಾಗೆ ಬಂದರು.

"ಸುಜಾತಾ, ನಾಳಿಂದ ನಾ ರಿಟೈರ್!"

"ಯಾರು ಹೊರಗ ಹಾಕಿದ್ರು?" ಎಂದರು ಹೆಂಡತಿ, ತೊಗರಿಬೇಳೆ ಆರಿಸುತ್ತಲೇ.

"ಯಾರೂ ಇಲ್ಲ! ಇದು ತಾಲೀಮು. ಹದಿನೈದು ದಿನ ಬರೇ ಪೆನ್ಷನ್ ಲೆಕ್ಕದಾಗ ಬದುಕೋದು. ನೀನೂ ರಿಟೈರ್!"

"ಅಂದ್ರ ನಾಳಿಂದ ನಾ ಅಡಿಗಿ ಮಾಡಂಗಿಲ್ಲ?"

"ಅದು... ಅದೊಂದು ಬಿಟ್ಟು!"

"ತಿಳೀತ್ರಿ. ನನ್ನ ಇಲಾಖೆದಾಗ ರಿಟೈರ್ಮೆಂಟೇ ಇಲ್ಲ," ಎಂದು ಸುಜಾತಾ ಬೇಳೆಯನ್ನು ಜೋರಾಗಿ ಕೇರಿದರು.

ಮರುದಿನ ಸ್ಕೂಟರಿಗೆ ಹಳೆಯ ಚಾದರ ಹೊದಿಸಿ ಮಲಗಿಸಲಾಯಿತು. ಹಾಲು ತಂದ ಬಂಡೆಮ್ಮನಿಗೆ ದತ್ತಪ್ಪನವರು ಗೇಟಿನಲ್ಲೇ ನಿಂತು ಆಜ್ಞೆ ಹೊರಡಿಸಿದರು. "ಬಂಡೆಮ್ಮ, ನಾಳಿಂದ ಅರ್ಧ ಲೀಟರ್ ಸಾಕು. ಇನ್ಮ್ಯಾಲ ಪೂರಾ ಪಗಾರ ಇಲ್ಲ, ಬರೇ ಪೆನ್ಷನ್."

ಬಂಡೆಮ್ಮ ಅವರನ್ನು ಮೇಲಿಂದ ಕೆಳಗೆ ನೋಡಿದಳು. ಕಣ್ಣಲ್ಲಿ ನೀರಾಡಿತು. ಅಳತೆಗಿಂತ ಒಂದು ಲೋಟ ಹೆಚ್ಚೇ ಸುರಿದು, "ಇರ್ಲಿ ತಗೋರಿ ಯಪ್ಪಾ, ರೊಕ್ಕ ಯಾರು ಕೇಳ್ಯಾರ?" ಎಂದು ಸರಸರನೆ ಹೋದಳು.

ಅಲ್ಲಿಂದ ಆಕೆ ಪಕ್ಕದ ಮನೆಯ ಇಕ್ಬಾಲ್ ಬೇಗಂ ಅವರ ಗೇಟು ಮುಟ್ಟುವಷ್ಟರಲ್ಲಿ ಪೆನ್ಷನ್ನಿಗೆ ಒಂದು 'ಸಸ್' ಅಂಟಿಕೊಂಡಿತು. ಸಸ್ಪೆನ್ಷನ್! ಆ ಒಂದೂವರೆ ಅಕ್ಷರ ಓಣಿಯನ್ನೆಲ್ಲ ಸುತ್ತಿ ಬರುವ ಹೊತ್ತಿಗೆ ದತ್ತಪ್ಪನವರು ಕಚೇರಿಯ ವೇಳೆಯಲ್ಲೇ ಛತ್ರಿ ಹಿಡಿದು, ಶರಣಬಸವೇಶ್ವರ ಗುಡಿಯ ಕಡೆಗೆ ನಡೆದುಕೊಂಡು ಹೊರಟಿದ್ದರು. ಸ್ಕೂಟರೂ ಇಲ್ಲ, ಕೈಯಲ್ಲಿ ಡಬ್ಬಿಯೂ ಇಲ್ಲ! ಓಣಿಗೆ ಇನ್ನೇನು ಪುರಾವೆ ಬೇಕು?

ಮಧ್ಯಾಹ್ನ ಇಕ್ಬಾಲ್ ಬೇಗಂ ದೊಡ್ಡ ಪಾತ್ರೆಯ ತುಂಬ ಘಮಘಮ ಮಸಾಲೆ ಅನ್ನ, ತಹಾರಿ, ತಂದಿಟ್ಟರು. "ಭಾಯಿಸಾಬ್, ಫಿಕರ್ ಮಾಡಬ್ಯಾಡ್ರಿ. ಮ್ಯಾಲ ಮಾಲಿಕ್ ಅದಾನ. ಸಬ್ ಠೀಕ್ ಆಗ್ತದ."

"ಫಿಕರ್ ಯಾಕ್ರಿ? ಇದು ಒಂದಿನ ಎಲ್ಲಾರಿಗೂ ಬರೋದೇ ಅಲ್ಲೇನು?" ಎಂದರು ದತ್ತಪ್ಪನವರು ನಗುತ್ತ. ಆ ಧೈರ್ಯಕ್ಕೆ ಬೆರಗಾದ ಬೇಗಂ ಕಣ್ಣೊರೆಸಿಕೊಂಡರು.

ಆಮೇಲೆ ಬಂದದ್ದು ಸುವರ್ಣಯುಗ! ಕಿರಾಣಿ ಅಂಗಡಿಯವ ನೋಟನ್ನು ಹಿಂದಕ್ಕೆ ತಳ್ಳಿ, "ಮುಂದ ನೋಡೂಣ್ರಿ" ಎಂದ. ಆಟೋದವ ಬಾಡಿಗೆ ಮುಟ್ಟಲಿಲ್ಲ. ಎದುರು ಮನೆಯಿಂದ ರೊಟ್ಟಿ, ಶೇಂಗಾ ಹಿಂಡಿ, ಹಿಂದಿನ ಮನೆಯಿಂದ ಗಡಿಗೆ ತುಂಬ ಜೋಳದ ಹುಳಿಬಾನ. ನಿವೃತ್ತರೆಂದರೆ ಈ ಊರಿಗೆ ಇಷ್ಟು ಮರ್ಯಾದೆಯೇ ಎಂದು ದತ್ತಪ್ಪನವರ ಮೀಸೆ ತಾನಾಗಿ ಮೇಲೇರಿತು.

"ಸುಜಾತಾ, ಅರ್ಧ ಪಗಾರನೂ ಹೆಚ್ಚಾತು! ಪಾವು ಭಾಗ ಸಾಕು! ಆ ಟೈ ಕಟ್ಟಿದಂವ ಕಲಬುರಗಿ ನೋಡೇ ಇಲ್ಲ!"

"ನನಗ್ಯಾಕೋ ಡೌಟು," ಎಂದರು ಸುಜಾತಾ. "ಮಂದಿ ನನ್ನ ಮಾರಿ ನೋಡಿ ಲೊಚಗುಟ್ಟಾಕತ್ತಾರ."

ಅವರ ಸಂಶಯಕ್ಕೆ ಉತ್ತರ ಆ ಶುಕ್ರವಾರ ಕಮಲಾಪುರದಿಂದ ಟೆಂಪೋದಲ್ಲಿ ಬಂತು. ಸುಜಾತಾರ ತಮ್ಮ ಜೈಭೀಮ ಎರಡು ಚೀಲ ಜೋಳ, ಒಂದು ಚೀಲ ತೊಗರಿ, ಕೆಂಪು ಬಾಳೆಯ ಇಡೀ ಗೊನೆ ಇಳಿಸಿದ. ಬಾಗಿಲು ಮುಂದೆ ಮಾಡಿ ಭಾವನ ಕೈ ಹಿಡಿದುಕೊಂಡ.

"ಭಾವಾ, ಅಂಜಬ್ಯಾಡ್ರಿ. ವಕೀಲನ ಕೂಡ ಮಾತಾಡೀನಿ. ನನಗಷ್ಟ ಖರೇ ಹೇಳ್ರಿ, ಎಷ್ಟು ತಿಂದೀರಿ?"

"ಎರಡು ತಾಟು ತಹಾರಿ," ಎಂದರು ದತ್ತಪ್ಪನವರು. "ಚೊಲೋ ಆಗಿತ್ತು, ಅದಕ್ಕ."

"ತಹಾರಿ ಅಲ್ರಿ, ಲಂಚ! ಸಸ್ಪೆಂಡ್ ಆಗೀರಂತ ಬೇಗಂ ಆಪಾ ಫೋನ್ ಮಾಡಿದ್ರು!"

ದತ್ತಪ್ಪನವರ ಮೀಸೆ ಇಳಿದ ವೇಗಕ್ಕೆ ಗಾಳಿ ಬೀಸಿರಬೇಕು! ಮೂವತ್ತಮೂರು ವರ್ಷ ಒಂದು ಕಪ್ಪು ಚುಕ್ಕೆಯಿಲ್ಲದೆ ದುಡಿದ ಮನುಷ್ಯ. ಹೊರಗೆ ಬಂದು ಓಣಿಗೆಲ್ಲ ಕೇಳುವಂತೆ ಕೂಗಿದರು: "ನಾ ಸಸ್ಪೆಂಡ್ ಆಗಿಲ್ಲ! ಬರೇ ತಾಲೀಮು!" ಬೇಗಂ, ಬಂಡೆಮ್ಮ ಎಲ್ಲರೂ ಗೇಟಿನ ಬಳಿ ನೆರೆದರು. "ಪಾಪ, ಮನಸ್ಸಿಗಿ ಭಾಳ ಹಚ್ಚಿಕೊಂಡಾರ," ಎಂದಳು ಬಂಡೆಮ್ಮ.

"ಬ್ಯಾಡ, ಸಾಕ್ಷಿ ಕೊಡ್ತೀನಿ ತಡೀರಿ!" ದತ್ತಪ್ಪನವರು ಸರ್ಫರಾಜ್‌ಗೆ ಫೋನ್ ಹಚ್ಚಿ ಸ್ಪೀಕರ್ ಒತ್ತಿದರು. "ಸರ್ಫರಾಜ್, ಎಲ್ಲಾರಿಗೂ ಕೇಳುವಂಗ ಹೇಳ್ರಿ, ನನ್ನ ನೌಕರಿ ಅದನೋ ಇಲ್ಲೋ?"

ಅತ್ತಲಿಂದ ಪಿಸುದನಿ ಬಂತು. "ಸರ್, ಈಗ ಮಾತಾಡಾಕ ಆಗಂಗಿಲ್ಲ. ಸಾಹೇಬ್ರು ಬಾಜೂಕೇ ಅದಾರ. ಈ ಕಡೆ ಫೋನ್ ಮಾಡಬ್ಯಾಡ್ರಿ." ಕಟ್!

ಓಣಿ ಒಂದೇ ಉಸಿರಿನಲ್ಲಿ ನಿಟ್ಟುಸಿರು ಬಿಟ್ಟಿತು. ಮೀಟಿಂಗಿನಲ್ಲಿ ಕೂತ ಸರ್ಫರಾಜ್‌ಗೇನು ಗೊತ್ತು, ತಾನು ಗೆಳೆಯನನ್ನು ಸಸ್ಪೆಂಡ್ ಮಾಡಿದೆನೆಂದು!

ಆಗ ಜೈಭೀಮ ಮೆಲ್ಲಗೆ ಹೇಳಿದ. "ಅಲ್ಲಿ ಊರಾಗ ಅವ್ವ ಎರಡೂ ಆಡು ಮಾರಾಕತ್ತಾಳ, ಅಳಿಯನ ವಕೀಲ ಖರ್ಚಿಗಿ. ಇವತ್ತು ಗಿರಾಕಿ ಬರ್ತಾನ."

ಅತ್ತೆ ಗುಂಡಮ್ಮನ ಬೆಳಗಿನ ಚಹಾಕ್ಕೆ ಹಾಲು ಆ ಆಡುಗಳದೇ, ವರ್ಷದ ಕೈಖರ್ಚು ಅವುಗಳ ಮರಿಗಳಿಂದಲೇ. "ಟೆಂಪೋ ತಿರುಗಿಸು!" ಎಂದು ದತ್ತಪ್ಪನವರು ಹಾರಿ ಕೂತರು. ಸುಜಾತಾ ಸೆರಗು ಬಿಗಿದು ಪಕ್ಕದಲ್ಲಿ ಕೂತರು.

ದಾರಿಯಲ್ಲಿ ಮಹಾಗಾಂವ ದಾಟಿದ ಮೇಲೆ ದತ್ತಪ್ಪನವರು ಸಣ್ಣ ದನಿಯಲ್ಲಿ ಅಂದರು. "ಸುಜಾತಾ, ಇಷ್ಟು ಮಂದಿ ಬಂದ್ರಲ್ಲ, ತಪ್ಪು ಮಾಡೀಯೋ ಇಲ್ಲೋ ಅಂತ ಯಾರೂ ಕೇಳಲಿಲ್ಲ ನೋಡು. ಊಟ ಆತಾ ಅಂತ ಕೇಳಿದ್ರು."

"ನನ್ನ ತಮ್ಮ ಕೇಳ್ಯಾನಲ್ರಿ."

"ಅಂವ ಮೂರು ಚೀಲ ಇಳಿಸಿದ ಮ್ಯಾಲ ಕೇಳ್ಯಾನ," ಎಂದರು ದತ್ತಪ್ಪನವರು, ಕಿಟಕಿಯ ಕಡೆ ಮುಖ ಮಾಡಿ. ಕಣ್ಣಿಗೆ ಧೂಳು ಬಿತ್ತೆಂದು ಒರೆಸಿಕೊಂಡರು. ಟೆಂಪೋದ ಗಾಜು ಏರಿಸಿಯೇ ಇತ್ತು.

ಕಮಲಾಪುರ ಮುಟ್ಟಿದಾಗ ಹಗ್ಗ ಆಗಲೇ ಗಿರಾಕಿಯ ಕೈಯಲ್ಲಿತ್ತು. "ವ್ಯಾಪಾರ ರದ್ದು!" ಎಂದು ದತ್ತಪ್ಪನವರು ಟೆಂಪೋದಿಂದ ಜಿಗಿದು ಹಗ್ಗ ಕಿತ್ತುಕೊಂಡರು. ಕಾಪಾಡಲು ಬಂದವರು ಯಾರೆಂದು ಆಡಿಗೇನು ಗೊತ್ತು? ಬೆದರಿದ ಹಿರಿಯ ಆಡು ಅವರನ್ನು ಅಂಗಳದ ಉದ್ದಕ್ಕೂ ಎಳೆದೊಯ್ದಿತು, ಕಿರಿಯದು ಹಿಂದಿನಿಂದ ಗುಮ್ಮಿತು. ಸೂಪರಿಂಟೆಂಡೆಂಟ್ ಸಾಹೇಬರು ಅಂಗಿಯ ತೋಳು ಹರಿದು, ಹಿಕ್ಕೆಯ ಗುಡ್ಡೆಯಲ್ಲಿ ಪಟ್ಟಾಭಿಷಿಕ್ತರಾದರು! ಹಗ್ಗ ಮಾತ್ರ ಬಿಡಲಿಲ್ಲ.

"ಅತ್ತೀ," ಎಂದರು ಅಲ್ಲೇ ಕೂತು, ಏದುಸಿರು ಬಿಡುತ್ತ. "ನನ್ನ ನೌಕರಿ ಗಟ್ಟಿ ಅದ. ರಿಟೈರ್ ಆದ ಮ್ಯಾಲ ಎಷ್ಟು ರೊಕ್ಕ ಸಾಲ್ತದ ಅಂತ ನೋಡಾಕ ನಾನೇ ಹುಚ್ಚಾಟ ಮಾಡಿದೆ. ತಪ್ಪಾತು. ಆಡು ಮಾರಬ್ಯಾಡ."

ಜೈಭೀಮ ಬಿದ್ದು ಬಿದ್ದು ನಕ್ಕ. ಗಿರಾಕಿಯೂ ನಕ್ಕು, ತನ್ನ ಹಣ ವಾಪಸು ಪಡೆದು ಹೋದ. ಗುಂಡಮ್ಮ ಮಾತ್ರ ನಗಲಿಲ್ಲ. ಅಳಿಯನ ಮೈ ತೊಳೆಸಿ, ಮಗನ ಅಂಗಿ ತೊಡಿಸಿ, ಬಿಸಿ ರೊಟ್ಟಿ ಪುಂಡಿಪಲ್ಯ ಬಡಿಸಿದರು. ಅಂಥ ರುಚಿಯ ಊಟ ಜನ್ಮದಲ್ಲಿ ಉಂಡಿಲ್ಲವೆನಿಸಿತು ದತ್ತಪ್ಪನವರಿಗೆ. ಮೂರನೆಯ ರೊಟ್ಟಿಗೆ ಬೇಡವೆನ್ನಲು ಬಾಯಿ ಬರಲಿಲ್ಲ.

ಸಂಜೆ ಬಸ್ಸಿಗೆ ಹೊರಟಾಗ ಗುಂಡಮ್ಮ ಅಳಿಯನನ್ನು ಬಾಗಿಲ ಮರೆಗೆ ಕರೆದು, ಸೆರಗಿನ ಗಂಟು ಬಿಚ್ಚಿ, ಮಡಿಸಿದ ಐನೂರರ ನೋಟೊಂದನ್ನು ಅವರ ಅಂಗೈಯಲ್ಲಿಟ್ಟು ಮುಷ್ಟಿ ಮುಚ್ಚಿದರು.

"ಮಂದಿ ಮುಂದ ಹಂಗೇ ಹೇಳಬೇಕಾಗ್ತದ ಯಪ್ಪಾ, ನನಗ ತಿಳೀತದ," ಎಂದು ಪಿಸುಗುಟ್ಟಿದರು. "ನೌಕರಿ ಹೋದ್ರ ಹೋಗ್ಲಿ, ಎದಿ ಒಡಕೋಬ್ಯಾಡ. ನಾ ಇನ್ನೂ ಇದ್ದೀನಿ. ತಿಂಗಳಾ ತಿಂಗಳಾ ಬಂದು ಒಯ್ಯಿ."

ದತ್ತಪ್ಪನವರು ಮತ್ತೊಮ್ಮೆ ಸತ್ಯ ಹೇಳಲು ಬಾಯಿ ತೆರೆದರು. ಹಿಂದಿನಿಂದ ಸುಜಾತಾ ತೋಳು ಚಿವುಟಿದರು.

"ಸುಮ್ನ ತಗೊಂಡು ಕಾಲಿಗಿ ಬೀಳ್ರಿ. ನಿಮ್ಮ ಮೊದಲನೇ ಪೆನ್ಷನ್ ಬಂತು!"