ಬೇರೆ ಸೂರ್ಯನ ಕುಜ

ತಂಗಿ ಶಾರದೆಯ ಮದುವೆಗೆ ಅಡ್ಡ ನಿಂತಿದ್ದ ಕುಜದೋಷವನ್ನು ವಿಜ್ಞಾನದಿಂದಲೇ ತೊಲಗಿಸಬಲ್ಲೆ ಎಂಬ ವಿಶ್ವಾಸ ನನಗಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವನಿಗೆ ಅಷ್ಟೂ ವಿಶ್ವಾಸವಿರದಿದ್ದರೆ ಹೇಗೆ!

ನಿಜ ಹೇಳಬೇಕೆಂದರೆ, ತೊಲಗಿಸಲು ಏನೂ ಉಳಿದಿರಲಿಲ್ಲ. ಅರವತ್ತರ ದಶಕದ ಆರಂಭ. ನಾವಿದ್ದ ಜಯನಗರ ಇನ್ನೂ ಹೊಸತು. ಯಡಿಯೂರಿನ ಮುನಿಯಪ್ಪನವರು ಹೆಂಡತಿ, ಮಗನೊಡನೆ ಕೆರೆ ಏರಿಯ ಮೇಲೆ ನಡೆದು ಹೆಣ್ಣು ನೋಡಲು ಬಂದಿದ್ದರು. ಕೂತ ಕೂಡಲೇ, "ಹುಡ್ಗಿ ಜಾತಕದಾಗೆ ಕುಜ ಅವ್ನೆ ಮೇಷ್ಟ್ರೇ. ಪರ್ವಾಗಿಲ್ಲ, ಒಂದು ಶಾಂತಿ ಮಾಡ್ಸಿದ್ರೆ ಆಯ್ತದೆ ಅಂದ್ರು ಜೋಯಿಸ್ರು" ಎಂದುಬಿಟ್ಟರು. ಇದೇ ಕುಜನಿಂದಾಗಿ ಹಿಂದಿನ ಸಂಬಂಧಗಳೆಲ್ಲ ಮುರಿದಿದ್ದವು. ಒಳಗಿನಿಂದ ಶಾರದೆಯ ನಗು ಕೇಳಿಸಿತು. ಎಷ್ಟೋ ಕಾಲದ ಮೇಲೆ.

ನನ್ನ ಹೆಂಡತಿ ಕಮಲ ಬೆಳಿಗ್ಗೆಯೇ ಆಜ್ಞೆ ಹೊರಡಿಸಿದ್ದಳು: "ರೀ, ಬಂದೋರ ಮುಂದೆ ಉಪ್ಪಿಟ್ಟು ತಿಂತಾ ಇರಿ. ನಿಮ್ಮ ಬಾಯಿ ತುಂಬಿದ್ರೆ ಮನೆಗೆ ಕ್ಷೇಮ."

ಉಪ್ಪಿಟ್ಟು ಮುಗಿಯಿತು!

"ಒಬ್ಬ ಕುಜನಿಗೆ ಯಾಕೆ ಹೆದರಬೇಕು?" ಎಂದೆ. "ಒಂದೊಂದು ನಕ್ಷತ್ರಾನೂ ಒಬ್ಬ ಸೂರ್ಯ. ಅವಕ್ಕೂ ಗ್ರಹಗಳು ಇರಬಹುದು. ನಮ್ಮ ಭೂಮಿ ಥರ ಜೀವ ಇರೋವೂ ಇರಬಹುದು. ಅಮೆರಿಕಾದಲ್ಲಿ ದೊಡ್ಡ ರೇಡಿಯೋ ಇಟ್ಕೊಂಡು, ಅಲ್ಲಿಂದ ಯಾರಾದ್ರೂ ಮಾತಾಡ್ತಾರಾ ಅಂತ ಕಿವಿಗೊಟ್ಟು ಕೂತಿದ್ರಂತೆ. ಪೇಪರ್‌ನಲ್ಲೇ ಬಂದಿದೆ!"

ಖಾಲಿ ತಟ್ಟೆಯನ್ನು ಸೂರ್ಯನನ್ನಾಗಿಸಿ, ಮುನಿಯಪ್ಪನವರ ಲಾಡುವನ್ನು ಅದರ ಸುತ್ತ ತಿರುಗಿಸಿ ತೋರಿಸಿದೆ. ಅವರು ಅದನ್ನು ಇನ್ನೇನು ತಿನ್ನುವವರಿದ್ದರು.

ಇದೆಲ್ಲವನ್ನೂ ಮೆಲುದನಿಯಲ್ಲಿ, ವಿನಯದಿಂದ ವಿವರಿಸಿದೆನೆಂದು ನನ್ನ ನೆನಪು. ಎದುರುಮನೆಗೂ ಕೇಳಿಸಿತೆಂದು ಕಮಲಳ ನೆನಪು. ನನ್ನ ನೆನಪು ನನ್ನ ಅನ್ನ ತಿಂದು ಬೆಳೆದದ್ದು, ನನ್ನ ಪಕ್ಷವನ್ನೇ ವಹಿಸುತ್ತದೆ. ನಂಬಬೇಡಿ.

ಹುಡುಗನ ತಾಯಿ ಸೆರಗು ಬಿಗಿದುಕೊಂಡರು. "ಅಂಗಾರೆ ಒಬ್ಬೊಬ್ಬ ಸೂರ್ಯಂಗೂ ಒಬ್ಬೊಬ್ಬ ಕುಜ ಅವ್ನಾ?"

"ಇದ್ದರೂ ಇರಬಹುದು ತಾಯಿ!"

"ಅಷ್ಟೊಂದು ಕುಜಂಗೆ ಶಾಂತಿ ಮಾಡ್ಸೋರ್ಯಾರು?"

ಬುದ್ಧಿಯಿರುವವನು ಇಲ್ಲಿ ಕಾಫಿ ತರಿಸುತ್ತಿದ್ದ. ನಾನು ಸಮಾಧಾನ ಹೇಳಿದೆ. "ಹೆದರಬೇಡಿ, ಅವೆಲ್ಲ ತುಂಬಾ ದೂರ. ತೀರಾ ಹತ್ತಿರದ ನಕ್ಷತ್ರದಿಂದ್ಲೂ ಬೆಳಕು ನಮ್ಮನ್ನ ಮುಟ್ಟೋಕೆ ವರ್ಷಗಳೇ ಬೇಕು."

"ಅಯ್ಯೋ ಶಿವನೇ! ಅಂದ್ರೆ ಮದ್ವೆ ಆಗಿ, ಮಕ್ಳಾದ್ಮೇಲೆ ಬಂದು ತಗಲ್ತದೆ!"

"ರೀ, ಸ್ವಲ್ಪ ಒಳಗೆ ಬನ್ನಿ" ಎಂದಳು ಕಮಲ.

"ಇರೇ, ವಿಷಯ ಈಗ ಶುರುವಾಗಿದೆ!"

ಹುಡುಗ ರಾಜಣ್ಣ ಒಳಬಾಗಿಲ ಕಡೆ ಒಮ್ಮೆ ನೋಡಿ, ನನ್ನನ್ನು ಉಳಿಸಲು ನೋಡಿದ. "ಇರವ್ವ. ಸಾರ್, ಅಂಥ ಗ್ರಹ ಇದುವರ್ಗೂ ಒಂದಾದ್ರೂ ಸಿಕ್ಕಿದ್ಯಾ?"

"ಖಚಿತವಾಗಿ ಒಂದೂ ಇಲ್ಲ" ಎಂದೆ. ಅಲ್ಲಿಗೆ ನಿಲ್ಲಿಸಿದರೆ ನಾನು ಮೇಷ್ಟರು ಹೇಗಾದೇನು? "ಆದ್ರೆ ಹುಡುಕಿದಷ್ಟೂ ಸಿಗ್ತಾವೆ, ನೋಡ್ತಾ ಇರಿ!"

ಮುನಿಯಪ್ಪನವರು ಎದ್ದರು. "ನಾವು ಒಂದು ಕುಜಂಗೆ ತಯಾರಾಗಿ ಬಂದಿದ್ವಿ ಮೇಷ್ಟ್ರೇ. ನೀವು ಸಂತೇನೇ ತೋರಿಸ್ಬಿಟ್ರಿ."

ರಾಜಣ್ಣ ಹಿಂತಿರುಗಿ ನೋಡುತ್ತಲೇ ಹೋದ. ಹೋದ ಅಷ್ಟೆ. ಮೇಷ್ಟ್ರ ತಂಗಿಗೆ ಲೆಕ್ಕವಿಲ್ಲದಷ್ಟು ಕುಜರೆಂಬ ಸುದ್ದಿ ಬಸವನಗುಡಿಯವರೆಗೂ ಹಬ್ಬಿತು. ವಿಜ್ಞಾನ ಪ್ರಸಾರದಲ್ಲಿ ನಾನು ಸಾಧಿಸಿದ ಏಕೈಕ ಯಶಸ್ಸು! ಆಮೇಲೆ ನಮ್ಮ ಮನೆಗೆ ಹೆಣ್ಣು ನೋಡಲು ಯಾರೂ ಬರಲಿಲ್ಲ. ರಾಜಣ್ಣನಿಗೆ ಅದೇ ವರ್ಷ ಬೇರೆ ಕಡೆ ಮದುವೆಯಾಯಿತು.

ಆ ಸುದ್ದಿ ಬಂದ ದಿನ ಶಾರದೆ ನನ್ನ ಕುರ್ಚಿಯ ಪಕ್ಕ ಬಂದು ನಿಂತಳು.

"ಅಣ್ಣ, ಬೇರೆ ನಕ್ಷತ್ರಗಳ ಹತ್ರ ಮನುಷ್ಯರು ಬದುಕೋಂಥ ಜಾಗ ಇರಬಹುದು ಅಂದ್ಯಲ್ಲ?"

"ಹೂಂ."

"ಸಿಕ್ಕಿದ್ರೆ ಹೇಳು. ಈ ಮನೇಲಿ ನನಗಿನ್ನು ಇರೋಕಾಗಲ್ಲ."

ಅವಳ ಮುಖ ನೋಡಬೇಕಾಗಿತ್ತು. ನಾನು ಪ್ರಶ್ನೆಯನ್ನು ನೋಡಿದೆ. ಎಂಥ ಒಳ್ಳೆಯ ಪ್ರಶ್ನೆ!

"ಮೊದಲನೆಯದಾಗಿ," ಎಂದು ಶುರುಮಾಡಿದೆ, "ಅಲ್ಲಿ ನೀರಿರಬೇಕು."