ಮಾಮ ಬರೆದ ಮೂಗುಗಳು

ನಮ್ಮ ಮಾಮನಿಗೆ ಮನುಷ್ಯರಲ್ಲಿ ಮೂಗೊಂದು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ! ತೊಂಬತ್ತರ ದಶಕದಲ್ಲಿ ದೋಹಾದ ಅಲ್ ಸದ್ದ್‌ನಲ್ಲಿ ಅವರ ಜೊತೆ ಒಂದೇ ಕೋಣೆಯಲ್ಲಿದ್ದವನು ನಾನು. ನನಗಲ್ಲದೆ ಇನ್ಯಾರಿಗೆ ಗೊತ್ತು?

ತಪ್ಪು ಅವರದಲ್ಲ. ಮಾಮ ಟೈಪಿಸ್ಟ್ ಆಗಿದ್ದ ಆಫೀಸಿನ ಇಂಗ್ಲಿಷ್ ಸಾಹೇಬರು ಕೆಲಸ ಬಿಟ್ಟು ಹೋಗುವಾಗ ಒಂದು ದಪ್ಪ ಪುಸ್ತಕ ಕೊಟ್ಟುಹೋದರು. ಅದರ ತುಂಬ, ಸುಮಾರು ಇನ್ನೂರು ವರ್ಷ ಹಿಂದೆ ಲಂಡನ್ನಿನಲ್ಲಿ ಅಚ್ಚಾಗಿ ಅಂಗಡಿ ಕಿಟಕಿಗಳಲ್ಲಿ ತೂಗುತ್ತಿದ್ದ ವ್ಯಂಗ್ಯಚಿತ್ರಗಳು. ಪೀಪಾಯಿ ಹೊಟ್ಟೆಯ ರಾಜ, ಸೌತೆಕಾಯಿ ಮೂಗಿನ ಮಂತ್ರಿ, ಎಲ್ಲರ ಬಾಯಿಂದಲೂ ಬಲೂನಿನ ಹಾಗೆ ಹೊರಟ ಮಾತು.

"ರಾಜನನ್ನೇ ಹೀಗೆ ಬರೆದಿದ್ದಾನಲ್ಲ ಮಾರಾಯ, ಇವನ ವೀಸಾ ಕ್ಯಾನ್ಸಲ್ ಆಗ್ಲಿಲ್ವಾ?"

"ಅವನದೇ ಊರು ಮಾಮ, ವೀಸಾ ಎಂತಕ್ಕೆ?"

ತಾವು ಮಾತ್ರ ವೀಸಾದ ಮೇಲಿರುವುದನ್ನು ಮರೆತು ಮಾಮ ಪೆನ್ಸಿಲ್ ಹಿಡಿದರು. ಮೊದಲು ಬಲಿಯಾದದ್ದು ನನ್ನ ಮೂಗು, ಆಮೇಲೆ ವಾಚ್‌ಮನ್‌ನದು, ಕೊನೆಗೆ ಮ್ಯಾನೇಜರರದು!

ಒಂದು ಹಾಳೆ ಮಾತ್ರ ಅರ್ಧಕ್ಕೇ ನಿಂತಿತ್ತು. ಜಡೆ ಇತ್ತು, ಮುಖ ಖಾಲಿ.

"ಮಗಳು," ಎಂದರು ಮಾಮ.

"ಫೋಟೋ ಉಂಟಲ್ಲ? ನೋಡಿ ಬರೀರಿ."

"ಫೋಟೋದಲ್ಲಿ ಸುಮ್ಮನೆ ನಿಂತಿದ್ದಾಳೆ. ನಗುವಾಗ ಮೂಗು ಹೇಗಾಗ್ತದೆ ಅಂತ ನೋಡದೆ ಬರೆಯುದು ಹೇಗೆ?"

ಅವರು ಊರಿಗೆ ಹೋಗದೆ ನಾಲ್ಕು ವರ್ಷವಾಗಿತ್ತು.

ಅಷ್ಟರಲ್ಲಿ ಆ ಮಗಳಿಗೇ ಮದುವೆ ಗೊತ್ತಾಯಿತು. ಮದುವೆಯ ಹಿಂದಿನ ದಿನ ನಮ್ಮ ಕ್ರೈಸ್ತರಲ್ಲಿ ರೋಸ್ ಎಂಬ ಶಾಸ್ತ್ರ; ಮಗಳಿಗೆ ತೆಂಗಿನಹಾಲು ಹಚ್ಚಲು ಅಪ್ಪನೇ ಇಲ್ಲದಿದ್ದರೆ ಹೇಗೆ? ಮಾಮ ರಜೆಯ ಅರ್ಜಿ ಟೈಪ್ ಮಾಡಿದರು. ಎಲ್ಲ ಕಾಗದವನ್ನೂ ಒಂದೇ ಫೈಲಿಗೆ ತುರುಕುವ ಪುಣ್ಯಾತ್ಮ! ಅರ್ಜಿಯ ಬೆನ್ನಿಗೇ ಮ್ಯಾನೇಜರರ ಚಿತ್ರವೂ ಅವರ ಮೇಜಿಗೆ ಹೋಯಿತು.

"ಇದು ಯಾರು?"

"ಲಂಡನ್ನಿನ ಹಳೇ ರಾಜ, ಸರ್."

"ರಾಜನಿಗೆ ನನ್ನ ಟೈ ಯಾಕೆ?"

ರಾಜನ ಬಾಯಿಂದ ಹೊರಟ ಬಲೂನಿನಲ್ಲಿ 'ರಜೆ ಮಾಫಿ!', ಅಂದರೆ ರಜೆ ಇಲ್ಲ, ಎಂದು ಬೇರೆ ಬರೆದಿತ್ತು.

"ನಾನು ಯಾವಾಗ ಹೀಗೆ ಹೇಳಿದೆ?"

"ಈಗ ಹೇಳ್ತೀರಿ ಅಂತ, ಸರ್."

ಮ್ಯಾನೇಜರರು ಪೆನ್ನು ತೆಗೆದರು. ಆ ಬಲೂನನ್ನು ಸುಳ್ಳು ಮಾಡಲಿಕ್ಕೆಂದೇ ಅರ್ಜಿಗೆ ಸಹಿ ಹಾಕಿದರು. "ಯಲ್ಲಾ, ಹೋಗು!" ಚಿತ್ರ ಮಾತ್ರ ವಾಪಸ್ ಕೊಡಲಿಲ್ಲ.

ತಿಂಗಳಾದ ಮೇಲೆ ಮರಳಿದ ಮಾಮ, ಪೆಟ್ಟಿಗೆಯಿಂದ ಊರಿನ ತಿಂಡಿಗೂ ಮೊದಲು ಆ ಜಡೆಯ ಹಾಳೆ ತೆಗೆದರು. ಖಾಲಿ ಇದ್ದ ಜಾಗದಲ್ಲಿ ತೆಂಗಿನಹಾಲು ಮೆತ್ತಿಕೊಂಡು ನಗುವ ಹುಡುಗಿ. ಮೂಗು ಹಾಳೆಯ ಅಂಚಿನವರೆಗೂ ಹೋಗಿತ್ತು! ನಗಲು ಹೊರಟ ನಾನು ಮಾಮನ ಮುಖ ನೋಡಿ ಸುಮ್ಮನಾದೆ.

"ನಗು ಮಾರಾಯ," ಎಂದರು ಕಣ್ಣೊರೆಸಿಕೊಳ್ಳುತ್ತ. "ನಗುವಾಗ ಅವಳದ್ದು ಥೇಟ್ ನನ್ನದೇ ಮೂಗು. ನನಗೆ ಗೊತ್ತೇ ಇರ್ಲಿಲ್ಲ."