ಒಂದು ತುಂಡು ಹೆಚ್ಚು

ಬೆಳಗ್ಗೆ ಏಳು ಗಂಟೆಗೆ ಕಾರಿನ ಮುಂದೆ ಹಾಸಿದ್ದ ಗೋಣಿಚೀಲ ಮಡಚಲೆಂದು ಬಗ್ಗಿದ ಕೋದಂಡರಾಮಪ್ಪ ಮೇಷ್ಟ್ರಿಗೆ ಅದರ ಮೇಲೆ ಒಂದು ಹಿತ್ತಾಳೆಯ ತುಂಡು ಕಾಣಿಸಿತು. ಬೆರಳುದ್ದ ಇತ್ತು. ಒಂದು ತುದಿ ದಪ್ಪ, ಇನ್ನೊಂದು ತುದಿ ಬಾಗಿತ್ತು. ಮೈತುಂಬ ಗ್ರೀಸು. ಕಾರಿನಿಂದ ಬಿಚ್ಚಿದ್ದನ್ನೆಲ್ಲ ಮರಳಿ ಜೋಡಿಸಿಯಾಗಿತ್ತು. ಕಾರು ಸ್ಟಾರ್ಟ್ ಕೂಡ ಆಗಿತ್ತು. ಹಾಗಾದರೆ ಇದು ಎಲ್ಲಿಯದು?

ಮಾಸ್ತಿಯ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸುವ ಈ ಮೇಷ್ಟ್ರಿಗೆ ಬೀಡಿ ಇಲ್ಲ, ಇಸ್ಪೀಟಿಲ್ಲ. ಇದ್ದದ್ದು ಒಂದೇ ಚಟ. ನಾಲ್ಕು ವರ್ಷದ ಹಿಂದೆ ಬೆಂಗಳೂರಿನಲ್ಲಿ ಯಾರೋ ಮನೆ ಖಾಲಿ ಮಾಡುವಾಗ ಮಾರಿದ ಹಳೇ ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಮೇಲೆ ಸೂರಿಲ್ಲ, ಮೈಯೆಲ್ಲ ಫೈಬರ್. ಆರು ಜನ ಹಿಡಿದರೆ ಎತ್ತಿ ಪಕ್ಕಕ್ಕಿಡುವಷ್ಟು ಹಗುರ. ಬಂದ ದಿನದಿಂದ ಅದು ಓಡಿದ್ದಕ್ಕಿಂತ ಬಿಚ್ಚಿಸಿಕೊಂಡದ್ದೇ ಹೆಚ್ಚು. ಅದು ನಿಂತದ್ದು ಮನೆಯ ಕೊಟ್ಟಿಗೆಯಲ್ಲಿ. ಹೆಂಡತಿ ಗಂಗರತ್ನಮ್ಮನ ಸಂಕಟವೇ ಅದು. ಆ ಜಾಗದಲ್ಲಿ ಒಂದು ಸೀಮೆಹಸು ಕಟ್ಟಿ ಡೈರಿಗೆ ಹಾಲು ಹಾಕಬೇಕು ಅಂತ ಆಕೆಗೆ ಆಸೆ.

ಜಗಳ ಬೆಳೆದು ಬೆಳೆದು ಕೊನೆಗೊಂದು ಒಪ್ಪಂದವಾಗಿತ್ತು. ಇವತ್ತು ಸಂಕಷ್ಟಿ. ಸಂಜೆ ನಾಲ್ಕಕ್ಕೆ ಗಂಗರತ್ನಮ್ಮ ಕಾರಿನಲ್ಲಿ ಕೂರುತ್ತಾಳೆ. ಅದು ಕುರುಡುಮಲೆ ಗಣಪನ ಗುಡಿ ಮುಂದೆ ಹೋಗಿ ನಿಂತರೆ ಕೊಟ್ಟಿಗೆ ಕಾರಿಗೆ. ನಾಲ್ಕಕ್ಕೆ ಹೊರಡದಿದ್ದರೆ ಕೊಟ್ಟಿಗೆ ಪಕ್ಕದ ಮನೆ ಸೊಣ್ಣಪ್ಪ ಮಾರಲಿಟ್ಟಿರುವ ಹಸುವಿಗೆ, ಅದೂ ಇವತ್ತೇ.

ಆಕೆ ಮಾತಿಗೆ ತಪ್ಪುವವಳಲ್ಲ. ಬೆಳಗ್ಗೆ ಕಾರು ಸ್ಟಾರ್ಟ್ ಆದದ್ದೇ ತಡ, ತಟ್ಟೆ, ಕರ್ಪೂರ, ನಿಂಬೆಹಣ್ಣು, ಗಂಟೆ ಎಲ್ಲ ಹಿಡಿದು ಬಂದು ಪೂಜೆ ಮಾಡಿದಳು. ಆರಿಸಿದರೆ ಮತ್ತೆ ಹೊತ್ತಿಕೊಳ್ಳುತ್ತದೋ ಇಲ್ಲವೋ ಅನ್ನುವ ಭಯಕ್ಕೆ ಮೇಷ್ಟ್ರು ಪೂಜೆ ಮುಗಿಯುವವರೆಗೂ ಇಂಜಿನ್ ಆರಿಸಲಿಲ್ಲ. ಜಗುಲಿಯ ಮೇಲೆ ಕೂತಿದ್ದ ತಾಯಿ ಅಕ್ಕಯಮ್ಮ ಮಾತ್ರ ಆಗಿನಿಂದ ಗೊಣಗುತ್ತಿದ್ದರು.

"ಕಾರಿನ ಸದ್ದು ಕೇಳ್ತು, ದೇವರ ಗಂಟೆ ಕೇಳಲಿಲ್ಲ. ನನ್ ಕಿವಿ ಹೋಯ್ತು ಕಣ್ಲಾ ಕೋದಂಡ. ಪಾಪ ಮಾಡಿದೋರಿಗೆ ಹಿಂಗೇ ಆಗೋದಂತೆ."

"ಸುಮ್ನಿರಮ್ಮ, ನಂದೇ ನಂಗೆ ಸಾಕಾಗೈತೆ," ಅಂದರು ಮೇಷ್ಟ್ರು, ತುಂಡನ್ನು ತಿರುಗಿಸಿ ನೋಡುತ್ತ.

ಕಾಂಪೌಂಡಿನ ಆಚೆಯಿಂದ ಸೊಣ್ಣಪ್ಪನ ತಲೆ ಎದ್ದಿತು. "ಏಮಿ ಸಾರ್ ಇದಿ? ಕಾರಿಂದಾ?"

"ಅದೇ ಗೊತ್ತಾಗ್ತಿಲ್ಲಪ್ಪ. ಹೆಚ್ಚಿಗೆ ಉಳ್ಕೊಂಡೈತೆ. ಆದ್ರೆ ಕಾರು ಚೆನ್ನಾಗೇ ಸ್ಟಾರ್ಟ್ ಆಯ್ತು."

"ಸ್ಟಾರ್ಟ್ ಆಗೋದು ಬಿಡಿ ಸಾರ್, ನಿಲ್ಬೇಕಲ್ಲ. ಇದು ಬ್ರೇಕಿಂದೇ ಇದ್ದರೆ? ಅಕ್ಕನ್ನ ಕೂರಿಸ್ಕೊಂಡು ಹೋಗೋದು ಹೈವೇಲಿ. ನನ್ ಮಾತು ಕೇಳಿ, ಒಂದ್ಸಲ ಬಿಚ್ಚಿ ನೋಡ್ಬಿಡಿ."

ಹಸು ಮಾರುವವನ ಬಾಯಲ್ಲಿ ಬಂದ ಬುದ್ಧಿಮಾತು ಅಂತ ಮೇಷ್ಟ್ರಿಗೆ ಹೊಳೆಯದೆ ಇರಲಿಲ್ಲ. ಆದರೆ ಭಯ ಒಮ್ಮೆ ಒಳಗೆ ಹೊಕ್ಕರೆ ಹೊರಗೆ ಹೋಗುವುದಿಲ್ಲ. ನಾಲ್ಕೂ ಚಕ್ರ ಕಳಚಿದರು. ಬ್ರೇಕಿನಲ್ಲಿ ಎಲ್ಲ ಇದ್ದಲ್ಲೇ ಇತ್ತು. ಆ ತುಂಡಿಗೆ ಮಾತ್ರ ಎಲ್ಲೂ ಜಾಗವಿರಲಿಲ್ಲ.

ಒಂಬತ್ತಕ್ಕೆ ಚನ್ನರಾಯಪ್ಪ ಬಂದರು. ಮೂವತ್ತೆರಡು ವರ್ಷ ಬಸ್ಸು ಓಡಿಸಿ ನಿವೃತ್ತರಾದವರು. ತುಂಡನ್ನು ಅಂಗೈ ಮೇಲಿಟ್ಟು ತೂಗಿ ನೋಡಿ, ಕಣ್ಣು ಮುಚ್ಚಿ ಹೇಳಿದರು.

"ಗೇರಿಂದು. ಅನುಮಾನವೇ ಬೇಡ."

"ನಾನು ಗೇರ್ ಮುಟ್ಟೇ ಇಲ್ವಲ್ಲ ಚನ್ನರಾಯಪ್ಪನೋರೇ."

"ನೀವು ಮುಟ್ಟದಿದ್ರೆ ಅದು ಬೀಳಬಾರ್ದು ಅಂತ ಏನಾದ್ರೂ ಐತಾ?"

ಗೇರಿನ ಮುಚ್ಚಳವೂ ಗೋಣಿಚೀಲದ ಮೇಲೆ ಬಂತು. ಅದನ್ನು ತೆಗೆಯಲು ಸೀಟುಗಳೂ ಈಚೆ ಬಂದವು. ಚನ್ನರಾಯಪ್ಪ ಒಳಗೆಲ್ಲ ಬೆರಳಾಡಿಸಿ, ಬಸ್ಸಿನಲ್ಲಿ ಹೀಗಿರಲಿಲ್ಲ ಅಂತ ಹೇಳಿ, ಕಾಫಿ ಕುಡಿದು ಹೋದರು.

ಹನ್ನೊಂದಕ್ಕೆ ಮೇಷ್ಟ್ರು ಸೋತು, ಮಾಲೂರು ರಸ್ತೆಯ ಮೆಕ್ಯಾನಿಕ್ ಅಜ್ಮತುಲ್ಲಾನಿಗೆ ಫೋನ್ ಮಾಡಿದರು. ಅವನು ಬಂದು, ಸಾಮಾನುಗಳ ನಡುವೆ ಎಚ್ಚರಿಕೆಯಿಂದ ಕಾಲಿಟ್ಟು ನಿಂತ.

"ಬೆಳಗ್ಗೆ ಗಾಡಿ ಸ್ಟಾರ್ಟ್ ಆಗಿತ್ತಾ ಮೇಷ್ಟ್ರೇ?"

"ಒಂದೇ ಸಲಕ್ಕೆ."

"ಹೊಗೆ? ಸದ್ದು?"

"ಏನೂ ಇಲ್ಲ. ಜೇನುಹುಳದ ಥರ ಗುಂಯ್ ಅಂತಿತ್ತು."

"ಯಾ ಅಲ್ಲಾ. ಮತ್ತೆ ಯಾಕೆ ಬಿಚ್ಚಿದ್ರಿ?"

ಮೇಷ್ಟ್ರು ತುಂಡನ್ನು ಚಾಚಿದರು. ಅಜ್ಮತುಲ್ಲಾ ಅದನ್ನು ಬನಿಯನ್ ಬಟ್ಟೆಯಲ್ಲಿ ಒರೆಸಿ, ಬಿಸಿಲಿಗೆ ಹಿಡಿದ. ಅವನ ಮುಖದ ನಗು ಹೋಯಿತು. "ಈ ದಪ್ಪ ತುದಿ ನೋಡಿ, ಸವೆದೈತೆ. ಏನಕ್ಕೋ ಬಡ್ಕೊಂಡು ಬಡ್ಕೊಂಡು ಸವೆದಿರೋದು. ಇದು ಸುಮ್ನೆ ಬಿದ್ದಿರೋ ಹಿತ್ತಾಳೆ ಅಲ್ಲ, ದಿನಾ ಕೆಲಸ ಮಾಡಿರೋ ಪಾರ್ಟು." ಹಾಗಂದು ಅವನೂ ತೋಳು ಮೇಲೆ ಮಾಡಿ ಇಂಜಿನ್ನಿಗೆ ಕೈ ಹಾಕಿದ.

ಮೂರು ಗಂಟೆಗೆ ಕಾರ್ಬುರೇಟರು ಚೂರುಚೂರಾಗಿ ಗೋಣಿಯ ಮೇಲಿತ್ತು. ಬೆಳಗ್ಗೆ ಮೇಷ್ಟ್ರ ಬಳಿ ಒಂದು ಕಾರೂ ಒಂದು ಹೆಚ್ಚಿನ ತುಂಡೂ ಇತ್ತು. ಈಗ ಬರೀ ತುಂಡುಗಳಿದ್ದವು. ಅವರಿಗೆ ಅಳು ಬರುವಂತಾಗಿತ್ತು. ಆದರೂ ಆ ಹಿತ್ತಾಳೆಯನ್ನು ಮುಷ್ಟಿಯಿಂದ ಬಿಡಲಿಲ್ಲ.

ನಾಲ್ಕಕ್ಕೆ ಸರಿಯಾಗಿ ಗಂಗರತ್ನಮ್ಮ ರೇಷ್ಮೆ ಸೀರೆಯುಟ್ಟು, ಕಡುಬಿನ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು. ಅಂಗಳ ನೋಡಿದಳು. ಬೆಳಗಿನಿಂದ ಉಪವಾಸವಿದ್ದವಳು ಒಂದೇ ಮಾತು ಕೇಳಿದಳು.

"ಹೋಗೋದು ಗಾಳೀಲಾ?"

"ಇನ್ನೊಂದು ಗಂಟೆ ಕಣೇ. ಈ ಒಂದು ತುಂಡು ಎಲ್ಲಿಂದು ಅಂತ..."

"ಸೊಣ್ಣಪ್ಪಾ," ಎಂದು ಆಕೆ ಕಾಂಪೌಂಡಿನತ್ತ ತಿರುಗಿ ಕರೆದಳು, "ಹಸು ಹೊಡ್ಕೊಂಡು ಬಾರಪ್ಪ."

ಸೊಣ್ಣಪ್ಪ ಕಾದೇ ಇದ್ದ. ಮೊದಲು ಬೀದಿಯ ಆರು ಜನರನ್ನು ಕರೆತಂದ. ಕಾರಿನ ಉಳಿದ ಮೈಯನ್ನು ಅವರು ಎತ್ತಿ ಹುಣಸೆಮರದ ಕೆಳಗಿಟ್ಟರು. ಇಷ್ಟು ಹಗುರದ ಕಾರನ್ನು ಯಾಕೆ ಕೊಂಡೆನೋ ಅಂತ ಮೇಷ್ಟ್ರಿಗೆ ಆವತ್ತು ಮೊದಲ ಸಲ ಅನ್ನಿಸಿತು. ಸೊಣ್ಣಪ್ಪ ಗೋಣಿಚೀಲವನ್ನೂ ಮರದಡಿಗೆ ಎಳೆದುಹಾಕಿ, ಹಸು ತರಲು ಹೋದ.

ಕತ್ತಲಾಗುವ ಹೊತ್ತಿಗೆ ಗಂಗರತ್ನಮ್ಮ ದೇವರ ಮುಂದೆ ದೀಪ ಹಚ್ಚಿ ಗಂಟೆ ಆಡಿಸಿದಳು.

"ನೋಡು, ಈಗ್ಲೂ ಕೇಳ್ತಿಲ್ಲ," ಅಂದರು ಅಕ್ಕಯಮ್ಮ, ಕಣ್ಣೊರೆಸಿಕೊಳ್ಳುತ್ತ.

ಗಂಗರತ್ನಮ್ಮ ಇನ್ನೊಮ್ಮೆ ಆಡಿಸಿದಳು. "ನಂಗೂ ಕೇಳ್ತಿಲ್ಲ ಅತ್ತೆ."

ಗಂಟೆಯನ್ನು ಬೋರಲು ಮಾಡಿ ನೋಡಿದಳು. ಒಳಗೆ ಖಾಲಿ. ನಾಲಿಗೆಯೇ ಇರಲಿಲ್ಲ. ಆಕೆಯ ಕಣ್ಣು ನಿಧಾನವಾಗಿ ಗಂಡನ ಮುಷ್ಟಿಯ ಕಡೆ ಹೊರಳಿತು. ಮೇಷ್ಟ್ರು ಮುಷ್ಟಿ ಬಿಚ್ಚಿದರು. ಬಾಗಿದ ತುದಿ ಗಂಟೆಯೊಳಗಿನ ಬಳೆಗೆ ಸಲೀಸಾಗಿ ಸಿಕ್ಕಿಕೊಂಡಿತು. ಬೆಳಗ್ಗೆ ಇಂಜಿನ್ನಿನ ಸದ್ದಿನಲ್ಲಿ ಅದು ಕಳಚಿ ಗೋಣಿಯ ಮೇಲೆ ಬಿದ್ದದ್ದು ಯಾರಿಗೂ ಗೊತ್ತಾಗಿರಲಿಲ್ಲ.

ಟಣ್ ಅಂತು ಗಂಟೆ.

"ಬಂತು ಕಣ್ಲಾ ಕಿವಿ," ಅಂದರು ಅಕ್ಕಯಮ್ಮ. "ನಾನು ಯಾವ ಪಾಪಾನೂ ಮಾಡಿಲ್ಲ."

"ಹಂಗಾದ್ರೆ ಕಾರು ಸರಿಯಾಗೇ ಇತ್ತು," ಅಂದರು ಮೇಷ್ಟ್ರು.

"ಇತ್ತು," ಅಂದಳು ಹೆಂಡತಿ. ಆಕೆಗೂ ಕೊಂಚ ಕನಿಕರ ಹುಟ್ಟಿತು. "ಹೋಗ್ಲಿ ಬಿಡಿ, ಜೋಡಿಸಿ. ಮುಂದಿನ ಸಂಕಷ್ಟಿಗೆ ಹೋಗೋಣ. ಹುಣಸೆಮರದ ಕೆಳಗೇ ಇರ್ಲಿ, ನಾನೇನೂ ಅನ್ನಲ್ಲ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಹುಣಸೆಮರದ ಕಡೆ ಓಡಿದರು. ಅಲ್ಲಿ ಅಜ್ಮತುಲ್ಲಾ ಟಾರ್ಚ್ ಹಿಡಿದು ತಲೆ ಕೆರೆದುಕೊಳ್ಳುತ್ತಿದ್ದ.

"ಮೇಷ್ಟ್ರೇ, ಒಂದು ತುಂಡು ಕಮ್ಮಿ ಬರ್ತಿದೆ. ಕಾರ್ಬುರೇಟರ್ ಒಳಗಿನ ಹಿತ್ತಾಳೆ ಕಡ್ಡಿ. ಅದಿಲ್ದೆ ಗಾಡಿ ಕೆಮ್ಮೋದೂ ಇಲ್ಲ. ಈ ಕಾರಿಂದು ಎಲ್ಲೂ ಸಿಗೋದೂ ಇಲ್ಲ."

ಅಷ್ಟರಲ್ಲಿ ಕೊಟ್ಟಿಗೆಯಿಂದ ಇಂಪಾದ ಗಂಟೆಯ ಸದ್ದು ಬಂತು. ಸೊಣ್ಣಪ್ಪ ಹಸು ಕಟ್ಟಿ, ಕೈ ಒರೆಸಿಕೊಳ್ಳುತ್ತ ಈಚೆ ಬಂದ.

"ಹೆಂಗೈತೆ ಸಾರ್ ಸದ್ದು? ಇದರ ಕೊರಳ ಗಂಟೆಗೆ ನಾಲಿಗೆ ಬಿದ್ದೋಗಿ ವರ್ಷ ಆಗಿತ್ತು. ನೀವು ಬೆಳಗ್ಗಿಂದ ಹೆಚ್ಚಿಗೆ ಉಳೀತು, ಹೆಚ್ಚಿಗೆ ಉಳೀತು ಅಂತಿದ್ರಲ್ಲ, ಆ ಹಿತ್ತಾಳೆ ಗೋಣಿ ಮೇಲೆ ಸಿಕ್ತು. ತುದಿ ಬಗ್ಗಿಸಿ ಅದನ್ನೇ ಸಿಕ್ಕಿಸ್ಬಿಟ್ಟೆ."

ಮೇಷ್ಟ್ರು ಕೊಟ್ಟಿಗೆಗೆ ನುಗ್ಗಿದರು. ಆದರೆ ಆರತಿ ತಟ್ಟೆ ಹಿಡಿದ ಗಂಗರತ್ನಮ್ಮ ಅವರಿಗಿಂತ ಮೊದಲೇ ಅಲ್ಲಿ ನಿಂತಿದ್ದಳು.

"ಏನ್ರೀ ಇದು, ಈಗ ತಾನೇ ಮನೆಗೆ ಕಾಲಿಟ್ಟ ಲಕ್ಷ್ಮಿ ಕೊರಳಿಗೆ ಕೈ ಹಾಕ್ತೀರಾ? ವರ್ಷ ತುಂಬೋವರೆಗೂ ಆ ಗಂಟೆ ಬಿಚ್ಚೋ ಹಂಗಿಲ್ಲ."

ಹಸು ಮೇಷ್ಟ್ರನ್ನು ನೋಡಿ ತಲೆಯಾಡಿಸಿತು.

"ಇದೂ ಕೇಳ್ತು ಕಣ್ಲಾ ಕೋದಂಡ," ಅಂದರು ಜಗುಲಿಯಿಂದ ಅಕ್ಕಯಮ್ಮ.